ಒಂದು ದಿನದ ಮುಯ್ಯಾಳು

ನಮ್ಮ ಅಪ್ಪ ಅಮ್ಮನನ್ನು ಹೊಗಳದವರು ನಮ್ಮೂರಲ್ಲಿ ಇರಲಿಲ್ಲ. ಈಗಲೂ ಶಿಡ್ಲಘಟ್ಟದ ಸಂತೆಯಲ್ಲಿ ಹಳಬರು ಯಾರಾದರೂ ಸಿಕ್ಕಿದರೆ, “ನೀನು ಅವರ ಮಗಳಲ್ವೇನಮ್ಮ? ಎಂಥ ದೊಡ್ಡ ಕೈ ಅವ್ರದು” ಅನ್ನುತ್ತಾರೆ. ನಾನು ನಕ್ಕು ಮುಂದಕ್ಕೆ ಹೋಗುತ್ತೇನೆ. ಆ ಕೈ ಏನೇನು ಎತ್ತಿಕೊಟ್ಟಿತು ಅನ್ನುವುದು ಅವರಿಗೆ ಅರ್ಧ ಮಾತ್ರ ಗೊತ್ತು.

ಇಬ್ಬರೂ ಕತ್ತೆಯ ಹಾಗೆ ದುಡಿದರು, ಅದರಲ್ಲಿ ಎರಡು ಮಾತಿಲ್ಲ. ಅಪ್ಪ ಬೆಳಕು ಹರಿಯುವಾಗಲೇ ಎತ್ತು ಕಟ್ಟಿ ಬಾವಿಯ ಕಪಿಲೆ ಹೂಡಿ ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸುತ್ತಿದ್ದ. ಅಮ್ಮ ಸೊಪ್ಪು ಕಿತ್ತು ತಂದು ರೇಷ್ಮೆ ಹುಳುವಿಗೆ ಹಾಕಿ, ಆಮೇಲೆ ನಮಗೆ ಮುದ್ದೆ ಮಾಡುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವರ ಮುಂದೆ ಇಟ್ಟ ಮುದ್ದೆ ಎಷ್ಟೋ ಸಲ ಅವಳ ಪಾಲಿನದೇ ಆಗಿರುತ್ತಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಕೊಟ್ಟೂ ಕೊಟ್ಟೂ ರೂಢಿಯಾದವರಿಗೆ ತಮ್ಮದು ಎಲ್ಲಿಗೆ ಮುಗಿಯಿತು, ಮಕ್ಕಳದು ಎಲ್ಲಿಂದ ಶುರುವಾಯಿತು ಅನ್ನುವುದು ಕಾಣುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಅಜ್ಜಿ ಗೊಣಗುತ್ತಿದ್ದುದು ಸುಮ್ಮನೆ ಅಲ್ಲ.

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಿಮ್ಮ ಕೆಲಸಕ್ಕೆ ನಮ್ಮ ಮನೆಯಿಂದ ಒಬ್ಬರು, ನಾಳೆ ನಮ್ಮ ಕೆಲಸಕ್ಕೆ ನಿಮ್ಮ ಮನೆಯಿಂದ ಒಬ್ಬರು. ಕೂಲಿ ಇಲ್ಲ, ದಿನಕ್ಕೆ ದಿನ. ಒಮ್ಮೆ ಬರುತ್ತೇವೆ ಅಂದ ಮೇಲೆ ಮನೆಯಲ್ಲಿ ಹೆಣ ಬಿದ್ದಿದ್ದರೆ ಮಾತ್ರ ತಪ್ಪಬಹುದು. ಅಪ್ಪನಿಗೆ ಇದು ವೇದ.

ಅರವತ್ತನೇ ಇಸವಿಯ ಆಸುಪಾಸು ನಾನು ಎಂಟನೇ ತರಗತಿಯಲ್ಲಿದ್ದೆ. ನಮ್ಮೂರಿನಿಂದ ಶಿಡ್ಲಘಟ್ಟದ ಸ್ಕೂಲಿಗೆ ನಡೆದು ಹೋಗುತ್ತಿದ್ದ ಹೆಣ್ಣುಮಕ್ಕಳು ಇಬ್ಬರೇ, ನಾನು ಮತ್ತು ಪಕ್ಕದ ಮನೆಯ ನನ್ನ ಗೆಳತಿ. ಅವಳಿಗೆ ಅಪ್ಪ ಇರಲಿಲ್ಲ. ಆ ವರ್ಷ ಪಬ್ಲಿಕ್ ಪರೀಕ್ಷೆ. ಅದು ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಹುಳುವಿನ ಮನೆ. ಲೆಕ್ಕದಲ್ಲಿ ನಾನು ಅವಳಿಗಿಂತ ಮುಂದಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಲೆಕ್ಕದ ಪರೀಕ್ಷೆಯ ಹಿಂದಿನ ದಿನ ಸಂಜೆ ಗೆಳತಿಯ ತಾಯಿ ಜಗಲಿಗೆ ಬಂದರು. ಅವರ ಮನೆಯ ಹುಳು ಒಂದೇ ಸಲಕ್ಕೆ ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹುಳು ಸಾಕುವ ತಟ್ಟೆಯ ಸೊಪ್ಪಿನಲ್ಲೇ ಗೂಡು ಸುತ್ತಿ ಹಾಳಾಗುತ್ತವೆ. “ಒಬ್ರನ್ನ ಕಳಿಸಣ್ಣ” ಅಂದರು. ಅಮ್ಮ ಆಗಲೇ ಬೇರೆ ಮನೆಗೆ ಬರುತ್ತೇನೆಂದು ಒಪ್ಪಿದ್ದಳು. ಅಪ್ಪ ಯೋಚನೆ ಮಾಡಲಿಲ್ಲ.

“ನಮ್ಮ ಮನೆಯಿಂದ ಒಬ್ರು ಬರ್ತಾರೆ, ಹೋಗಮ್ಮ” ಅಂದುಬಿಟ್ಟ. ಆಕೆ ಹೋದ ಮೇಲೆ ನನ್ನ ಕಡೆ ತಿರುಗಿ, “ನಾಳೆ ನೀನು ಹೋಗು” ಅಂದ.

ನಾನು ಪರೀಕ್ಷೆ ಅಂದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. “ಪರೀಕ್ಷೆ ಮುಂದಿನ ವರ್ಷಾನೂ ಬರುತ್ತೆ ಕಣಮ್ಮ. ಗಂಡನಿಲ್ಲದ ಹೆಂಗಸು, ಅವಳ ಹುಳ ಕಾಯುತ್ತಾ?” ಅಂತ ಮೆಲ್ಲಗೆ ಅಂದ. ಅಮ್ಮನ ಮುಖ ನೋಡಿದೆ. ಅವಳು ಮೊರದಲ್ಲಿದ್ದ ಅವರೆಕಾಳು ನೋಡುತ್ತಿದ್ದಳು.

ಬೆಳಿಗ್ಗೆ ಹೋದಾಗ ಆ ಮನೆಯ ಬಾಗಿಲಲ್ಲಿ ನನ್ನ ಗೆಳತಿ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು, ಕೈಯಲ್ಲಿ ಮಸಿಕುಡಿಕೆ ಹಿಡಿದು ನಿಂತಿದ್ದಳು. ಪರೀಕ್ಷೆಗೆ ಕರೆದೊಯ್ಯಲು ಅವಳ ಸೋದರಮಾವ ಬಂದಿದ್ದ.

“ನೀನ್ಯಾಕೆ ಬಂದ್ಯೇ ತಲ್ಲಿ? ನಿಂಗೂ ಪರೀಕ್ಷೆ ಅಲ್ವಾ?” ಅಂದರು ಅವಳ ತಾಯಿ, ತಮ್ಮ ತೆಲುಗು ಬೆರೆತ ಮಾತಿನಲ್ಲಿ.

“ಅಪ್ಪ ಕಳಿಸಿದ್ರು.”

ಆಕೆ ಒಂದು ಗಳಿಗೆ ನನ್ನನ್ನು ನೋಡಿದರು, ಆಮೇಲೆ ತಟ್ಟೆಗಳನ್ನು ನೋಡಿದರು. ವಾಪಸ್ಸು ಹೋಗು ಅನ್ನಲಿಲ್ಲ. ಮಗಳಿಗೆ ಇರು ಅಂತಲೂ ಅನ್ನಲಿಲ್ಲ. ಗೆಳತಿ ತಲೆ ತಗ್ಗಿಸಿ “ಬರ್ತೀನಿ” ಅಂದು ಹೊರಟಳು. ಸಂಜೆಯವರೆಗೆ ನಾನು ಹುಳ ಆರಿಸಿದೆ. ಮಧ್ಯಾಹ್ನ ಆಕೆ ಮುದ್ದೆಗೆ ಎಂದೂ ಇಲ್ಲದಷ್ಟು ತುಪ್ಪ ಹಾಕಿದರು. ಇವತ್ತಿಗೂ ನಾನು ಮುದ್ದೆಗೆ ತುಪ್ಪ ಹಾಕಿಕೊಳ್ಳುವುದಿಲ್ಲ.

ಗೆಳತಿ ಪಾಸಾಗಿ, ಸೋದರಮಾವನ ಮನೆಯಲ್ಲಿದ್ದುಕೊಂಡು ಚಿಂತಾಮಣಿಯ ಹೈಸ್ಕೂಲು ಸೇರಿದಳು, ಮುಂದೆ ಸ್ಕೂಲಿನಲ್ಲಿ ಮೇಡಂ ಆದಳು. ಅಪ್ಪ ಹೇಳಿದ ಹಾಗೆ ಪರೀಕ್ಷೆ ಮರುವರ್ಷವೂ ಬಂತು. ಆದರೆ ಅಷ್ಟು ದೂರ ಜೊತೆಗೆ ನಡೆಯಲು ಯಾರೂ ಇರಲಿಲ್ಲ. “ವಯಸ್ಸಿಗೆ ಬಂದ ಹುಡುಗೀನ ಒಬ್ಳನ್ನೇ ಹೆಂಗೆ ಕಳಿಸೋದು?” ಅಂದ ಅಪ್ಪ. ನನ್ನ ಪುಸ್ತಕಗಳನ್ನು ಅಮ್ಮ ಯಾರದೋ ಮಕ್ಕಳಿಗೆ ಕೊಟ್ಟಳು. ಅದೂ ದಾನವೇ.

ಅವರಿಂದ ಏನು ಕಲಿತೆ ಅಂತ ಮೊಮ್ಮಕ್ಕಳು ಕೇಳುತ್ತಾರೆ. ಕಲಿತಿದ್ದೇನೆ, ಅದೇ ನನ್ನ ಸಿಟ್ಟು. ಕೇಳಿ ಬಂದವರಿಗೆ ಇಲ್ಲ ಅನ್ನಲು ನನಗೂ ನಾಲಿಗೆ ಏಳುವುದಿಲ್ಲ. ಒಂದೇ ಒಂದು ವ್ಯತ್ಯಾಸ, ನನ್ನ ಮಕ್ಕಳ ಪಾಲಿನದನ್ನು ಎತ್ತಿ ಯಾರಿಗೂ ಕೊಡಲಿಲ್ಲ.

ಪರೀಕ್ಷೆ ತಪ್ಪಿದ ಆ ವರ್ಷದ ಮುಂಗಾರಿನಲ್ಲಿ ನಮ್ಮ ಹುಳು ಹಣ್ಣಾದಾಗ ಗೆಳತಿಯ ತಾಯಿ ಕರೆಯದೆಯೇ ಬಂದು, ಬೆಳಗಿನಿಂದ ಸಂಜೆಯವರೆಗೆ ನನ್ನ ಪಕ್ಕದಲ್ಲೇ ಕೂತು ಹುಳ ಆರಿಸಿ ಹೋದರು. ಅಪ್ಪನಿಗೆ ಬಹಳ ಸಂತೋಷವಾಯಿತು.

“ನೋಡಿದ್ಯೇನಮ್ಮ,” ಅಂದ, “ನೀನು ಕೊಟ್ಟ ದಿನ ವಾಪಸ್ಸು ಬಂತು.”

ನಾನು ಹೂಂ ಅಂದು ಮುಂದಿನ ತಟ್ಟೆ ಎಳೆದುಕೊಂಡೆ.