ಒಂದು ಮೊರ ಜೋಳಕ್ಕೆ ಫಕೀರಪ್ಪ

ಕುಕನೂರಿಗೆ ಬಂದ ನಾಲ್ಕನೆಯ ವರ್ಷ ನಾನು ನನ್ನ ಮಗನನ್ನು ಒಂದು ಮೊರ ಜೋಳಕ್ಕೆ ಮಾರಿದೆ. ಅವನಿಗಾಗ ಹದಿಮೂರು ದಿನ. ಕೊಂಡವರು ನಮ್ಮ ಮನೆಯೊಡತಿ ಮಾಬೂಬಮ್ಮ. ಕೊಂಡು, ಫಕೀರಪ್ಪ ಎಂದು ಹೆಸರಿಟ್ಟು, ಸಾಕಿಕೊಂಡಿರು ಎಂದು ತಿರುಗಿ ನನ್ನ ಕೈಗೇ ಕೊಟ್ಟರು. ಈ ಸುದ್ದಿ ನಮ್ಮ ಮಳವಳ್ಳಿ ಸೀಮೆಗೆ ಮುಟ್ಟಿದಾಗ ನೀವೆಲ್ಲ ಏನೇನು ಆಡಿಕೊಂಡಿರಿ ಎಂದು ನನಗೆ ಗೊತ್ತು. ಬಿಸಿಲಿಗೆ ತಲೆ ಕೆಟ್ಟಿದೆ ಅಂದಿರಿ. ಓದಿದ ಹುಡುಗಿ ಮಗನಿಗೆ ಭಿಕ್ಷೆ ಬೇಡುವವನ ಹೆಸರಿಟ್ಟಳಲ್ಲ ಅಂದಿರಿ. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು ನನ್ನ ಪಾಡು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನ್ನ ಗಂಡ ಮಹದೇವನಿಗೆ ಇಲ್ಲಿ ಕರೆಂಟು ತಯಾರಿಸುವ ಗಾಳಿಯಂತ್ರಗಳ ರಿಪೇರಿ ಕೆಲಸ. ಇಲ್ಲಿಯವರು ಅವಕ್ಕೆ ಫ್ಯಾನು ಅನ್ನುತ್ತಾರೆ. ಹೀಗಾಗಿ ನಾನು ಬಂದ ವಾರದಲ್ಲೇ ‘ಫ್ಯಾನಿನ ಸಾಹೇಬ್ರ ಮನಿಯವ್ರು’ ಆಗಿಬಿಟ್ಟೆ. ನಮ್ಮಲ್ಲಿ ಕಬ್ಬಿನ ಗದ್ದೆಯ ಆಚೆ ಏನಿದೆ ಎಂದು ಕಾಣುವುದಿಲ್ಲ. ಇಲ್ಲಿ ಊರು ಬಿಟ್ಟ ಬಸ್ಸು ಇರುವೆಯಷ್ಟಾಗುವವರೆಗೂ ಕಾಣುತ್ತದೆ. ಮೊದಲ ತಿಂಗಳುಗಳಲ್ಲಿ ಅದನ್ನೇ ನೋಡುತ್ತ ಮಾಳಿಗೆಯ ಮೇಲೆ ಅಳುತ್ತ ನಿಲ್ಲುತ್ತಿದ್ದೆ. ನಲ್ಲಿಯಲ್ಲಿ ನೀರು ಬರುವ ದಿನ ಯಾವುದೆಂದು ಯಾರೂ ಹೇಳಲಾರರು, ಬಂದಾಗ ಇಡೀ ಓಣಿ ಕೊಡ ಹಿಡಿದು ಓಡುತ್ತದೆ. ಕಾವೇರಿ ನಾಲೆಯಲ್ಲಿ ಈಜಿ ಬೆಳೆದವಳು ನಾನು, ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಎತ್ತಿಡುವುದನ್ನು ಕಲಿತೆ.

ಮಾತಂತೂ ಬೇರೆಯದೇ. ಈ ಜನ ಜಗಳದಲ್ಲೂ ಗೌರವ ಬಿಡುವುದಿಲ್ಲ. “ನಿಮಗ ಬುದ್ಧಿ ಐತೇನ್ರಿ?” ಎಂದು ಕೇಳಿಸಿಕೊಂಡಾಗ ಸಿಟ್ಟು ಬರಬೇಕೋ ಸಂತೋಷಪಡಬೇಕೋ ತಿಳಿಯುತ್ತಿರಲಿಲ್ಲ. ನಮ್ಮ ಮುದ್ದೆಯನ್ನು ನುಂಗಿದರಾಯಿತು. ಇಲ್ಲಿಯ ಜೋಳದ ರೊಟ್ಟಿಯನ್ನು ಅಗಿಯಬೇಕು, ಅದಕ್ಕೂ ಮೊದಲು ಬಡಿಯಬೇಕು. ನಾನು ಬಡಿದ ರೊಟ್ಟಿಗಳನ್ನು ಮಾಬೂಬಮ್ಮ ತಿಂಗಳುಗಟ್ಟಲೆ ಒಯ್ದು ಕೋಳಿಗೆ ಹಾಕಿದರು. “ನಮ್ಮ ಕೋಳಿಗೆ ನಿನ್ನ ರೊಟ್ಟಿ ಭಾಳ ಸೇರ್ತಾವ ನೋಡವ್ವಾ” ಎಂದು ನಗುತ್ತಿದ್ದರು. ಅವರ ಗಂಡ ರಾಜಾಸಾಬರು ಮುಂದಿನ ಪಡಸಾಲೆಯಲ್ಲಿ ಹತ್ತಿ ಹಿಂಜಿ ಗಾದಿ, ಅಂದರೆ ಹಾಸಿಗೆ, ಹೊಲಿಯುತ್ತಾರೆ. ಒಂದು ದಿನ ಅವರು ನನ್ನ ರೊಟ್ಟಿಯನ್ನು, ಯಾರು ಮಾಡಿದ್ದು ಎಂದು ಕೇಳದೆ, ಪೂರ್ತಿ ತಿಂದರು. ಆ ದಿನ ನನಗೆ ಈ ಊರು ಸ್ವಲ್ಪ ನನ್ನದು ಅನ್ನಿಸಿತು.

ಎರಡನೆಯ ವರ್ಷ ಬಸಿರಾದೆ. ಹೆರಿಗೆಗೆ ತವರಿಗೆ ಬರುವುದು ಎಂದಾಗಿತ್ತು. ಮಹದೇವ ಸಂಜೆಗೊಂದು ಹೆಸರು ತರುತ್ತಿದ್ದ. ನಾನು ಒಂದೊಂದನ್ನೇ ತಳ್ಳಿಹಾಕುತ್ತಿದ್ದೆ. ಕೊನೆಗೆ ಒಂದು ಹೆಸರು ಇಬ್ಬರಿಗೂ ಹಿಡಿಸಿತು. ನಮ್ಮಿಬ್ಬರ ಮನೆತನದಲ್ಲಿ ಯಾರಿಗೂ ಇಲ್ಲದ, ನಾವು ಓದಿದ ಶಾಲೆಯ ಹಾಜರಿಯಲ್ಲಿ ಎಂದೂ ಕೂಗದ ಹೆಸರು. ತೊಟ್ಟಿಲಿಗೆ ಹಾಕುವ ಮೊದಲು ಹೆಸರು ಹೊರಗೆ ಬೀಳಬಾರದು ಎಂದು ಯಾರಿಗೂ ಹೇಳಲಿಲ್ಲ. ಆ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ.

ಎಂಟು ತಿಂಗಳಿಗೇ ನೋವು ಬಂತು. ತವರು ದೂರವೇ ಉಳಿಯಿತು, ಕೊಪ್ಪಳದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡುಮಗು. ಅಂಗೈ ಅಗಲದ ಬೆನ್ನು. ಒಂಬತ್ತು ದಿನ ಬದುಕಿತ್ತು. ಮಹದೇವ ಮತ್ತು ರಾಜಾಸಾಬರು ಕುಕನೂರಿನ ಹೊರಗಿನ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ ಬಂದರು. ಹೆತ್ತವಳು ಅಲ್ಲಿಗೆ ಹೋಗಬಾರದು ಎಂದು ನನ್ನನ್ನು ಕರೆದೊಯ್ಯಲಿಲ್ಲ.

ಮೂರನೆಯ ದಿನ ಅವ್ವ ಬಂದಳು. ನನ್ನನ್ನು ತಬ್ಬಿಕೊಂಡು, “ಹೆಸ್ರೇ ಇಕ್ಕಿರ್ನಿಲ್ವಲ್ಲ ಕಣವ್ವ. ಮಗ ಅಂತ ಮನ್ಸಿಗೆ ಹಚ್ಕೋಬ್ಯಾಡ, ಮರ್ತ್ಬುಡು” ಎಂದಳು. ಅವ್ವ ಕೆಟ್ಟವಳಲ್ಲ. ತಾನೂ ಇಬ್ಬರನ್ನು ಹಾಗೆಯೇ ಮರೆತು ನಮ್ಮನ್ನು ಸಾಕಿದವಳು. ಆದರೆ ಆ ಮಾತು ನನ್ನ ಎದೆಯೊಳಗೆ ಮುರಿದ ಮುಳ್ಳಾಗಿ ಉಳಿಯಿತು.

ಅವ್ವ ಹೋದ ಮೇಲೆ ಮಾಬೂಬಮ್ಮ ನನ್ನ ತಲೆಗೆ ಎಣ್ಣೆ ಹಚ್ಚುತ್ತ, “ಏನಂತ ಕರೀಬೇಕಂತ ಮಾಡಿದ್ರಿ ಯವ್ವಾ ಅವನ್ನ?” ಎಂದು ಕೇಳಿದರು. ಯಾರೂ ಕೇಳಿರಲಿಲ್ಲ. ಹೆಸರಿಡುವ ಮೊದಲೇ ಹೋಯಿತಲ್ಲ ಎಂದೆ.

“ಹೆಸರಿಲ್ಲದ ಕೂಸು ಎಲ್ಲಿ ಇರ್ತೈತೆವ್ವಾ? ಹೊಟ್ಟ್ಯಾಗಿದ್ದಾಗ್ಲೇ ಬಂದಿರ್ತೈತಿ.”

ಕಿವಿಯಲ್ಲಿ ಹೇಳಿದೆ. ಅವರು ಆ ಅಪರೂಪದ ಹೆಸರನ್ನು ತಡವರಿಸುತ್ತ ಎರಡು ಸಲ ಹೇಳಿದರು. “ಛಲೋ ಹೆಸರೈತಿ. ಅವಂದು ಅವನಿಗೇ ಇರ್ಲಿ” ಎಂದರು. ಆಗ ನನಗೆ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಗಂಡುಮಗು ಹುಟ್ಟಿತು, ತುಂಬಿದ ದಿನಕ್ಕೆ, ಗಟ್ಟಿಯಾಗಿ ಅಳುತ್ತ. ಮಹದೇವ ಮಗುವನ್ನೆತ್ತಿಕೊಂಡು, “ಅದೇ ಹೆಸ್ರು ಇಡುವ ಕಣೇ. ಅಷ್ಟು ಚೆಂದದ ಹೆಸ್ರು ಯಾಕೆ ಹಾಳಾಗ್ಬೇಕು?” ಎಂದ. ಬೇಡ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲೇ ಅದನ್ನು ತನ್ನ ತಂಗಿಗೆ ಹೇಳಿಯೂ ಆಗಿತ್ತು. ಮರುದಿನ ಫೋನಿನಲ್ಲಿ ನನ್ನ ನಾದಿನಿ ರಾಗವಾಗಿ ಆ ಹೆಸರು ಕರೆದು, “ಏನ್ ಮಾಡ್ತಾವ್ನೆ ನಮ್ಮ ಚಿನ್ನ?” ಎಂದಳು. ನನ್ನ ಹಿರಿಯ ಮಗ ಏನು ಮಾಡುತ್ತಿದ್ದಾನೆ ಎಂದು ಅವಳಿಗೆ ನಾನೇನು ಹೇಳಲಿ? ಹಳ್ಳದ ದಂಡೆಯಲ್ಲಿ ಮಲಗಿದವನ ಬಳಿ ಇದ್ದದ್ದು ಅದೊಂದೇ. ಅಂಗಿ ಇಲ್ಲ, ಆಟಿಕೆ ಇಲ್ಲ, ಫೋಟೋ ಇಲ್ಲ. ಅದನ್ನೂ ಕಿತ್ತು ತಮ್ಮನಿಗೆ ಕೊಡಬೇಕೆ?

ದಾರಿ ತೋರಿಸಿದ್ದು ಮಾಬೂಬಮ್ಮ. “ಒಂದು ಕೂಸು ಹ್ವಾದಮ್ಯಾಲ ಹುಟ್ಟಿದ್ದನ್ನ ನಮ್ಮ ಕಡೆ ಮಾರ್ತಾರವ್ವಾ. ಇದು ಇವರದಲ್ಲ ಅಂತ ಸಾವು ಹೊಳ್ಳಿ ಹೋಗ್ಲಿ ಅಂತ. ಕೊಂಡವರೇ ಹೆಸರಿಡಬೇಕು. ತಾಯಿ-ತಂದಿ ಬಾಯಿ ಹಾಕಂಗಿಲ್ಲ.” ಸಾವು ಮೋಸ ಹೋಗುವಷ್ಟು ಪೆದ್ದು ಎಂದು ನಾನು ನಂಬುವವಳಲ್ಲ. ನನಗೆ ಬೇಕಾಗಿದ್ದದ್ದು ಆ ಕೊನೆಯ ಮಾತು. ಮಹದೇವನಿಗೆ ಇದು ಇಲ್ಲಿಯ ಪದ್ಧತಿ ಎಂದಷ್ಟೇ ಹೇಳಿದೆ. ಈ ಮಗನಾದರೂ ಉಳಿಯಲಿ ಎಂಬ ಆಸೆಗೆ ಅವನು ತಲೆಯಾಡಿಸಿದ.

ಹದಿಮೂರನೆಯ ದಿನ ಅವ್ವ, ನಾದಿನಿ, ಅವಳ ಗಂಡ ಬಂದರು. ಓಣಿಯ ಹೆಂಗಸರು ಕೂಡಿದರು. ಮಾಬೂಬಮ್ಮ ಹೊಸ ಸೀರೆಯುಟ್ಟು ಹೊಸ್ತಿಲ ಆಚೆ ನಿಂತು ಕೇಳಿದರು, “ಕೂಸು ಮಾರ್ತೀಯೇನವ್ವಾ?”

“ಮಾರ್ತೀನಿ.”

“ಎಷ್ಟಕ್ಕ?”

“ನೀವು ಕೊಟ್ಟಷ್ಟಕ್ಕೆ.”

ಮೊರದ ಜೋಳವನ್ನು ನನ್ನ ಉಡಿಗೆ ಸುರಿದು ಮಗುವನ್ನು ಎತ್ತಿಕೊಂಡರು. ಆಗ ಮಹದೇವ ಮುಂದೆ ಬಂದು ಅವರ ಕಿವಿಯಲ್ಲಿ ಏನೋ ಹೇಳಿದ. ಏನು ಹೇಳಿದನೆಂದು ಕೇಳದೆಯೂ ನನಗೆ ತಿಳಿಯಿತು. ಮಾಬೂಬಮ್ಮ ಅವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮಗುವಿನ ಕಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವಂತೆ, ಫಕೀರಪ್ಪ ಎಂದು ಮೂರು ಸಲ ಕರೆದರು.

ಈ ಕಡೆ ಓಣಿಗೊಬ್ಬ ಫಕೀರಪ್ಪ ಇದ್ದಾನೆ, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಮ್ಮವರ ಮುಖ ಮಾತ್ರ ಕಪ್ಪಿಟ್ಟಿತು. ನಾದಿನಿ ಆ ಹೆಸರು ಕೆತ್ತಿಸಿ ತಂದಿದ್ದ ಬೆಳ್ಳಿ ಬಟ್ಟಲನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ, ಊಟವನ್ನೂ ಮಾಡದೆ ಹೊರಟಳು. ಅವ್ವ ಉಳಿದಳು, ಆದರೆ ಇವತ್ತಿಗೂ ಫೋನಿನಲ್ಲಿ “ಮಗ ಹೆಂಗದೆ?” ಅನ್ನುತ್ತಾಳೆಯೇ ಹೊರತು ಹೆಸರು ಹಿಡಿದು ಕರೆದಿಲ್ಲ.

ನಾನು ಗೆದ್ದೆ ಅಂದುಕೊಂಡಿದ್ದೆ. ಮಹದೇವ ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ತಟ್ಟೆಯ ಮುಂದೆ ಕೂತವನು ತುತ್ತು ಬಿಟ್ಟು, “ಆ ಹೆಸ್ರ ಒಂದ್ಸಲನಾದ್ರೂ ಬಾಯ್ತುಂಬ ಕರೀಬೇಕು ಅಂತಿದ್ದೆ ಕಣೇ. ಅದಕ್ಕೂ ಕಲ್ಲು ಹಾಕ್ದೆಯಲ್ಲ” ಎಂದ. ಅವನಿಗೂ ದುಃಖವಿತ್ತೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನದೇ ದೊಡ್ಡದು ಅಂದುಕೊಂಡಿದ್ದೆ.

ಫಕೀರಪ್ಪನಿಗೆ ಈಗ ಎರಡರ ಹತ್ತಿರ. ರಾಜಾಸಾಬರ ಹತ್ತಿಯಲ್ಲಿ ಹೊರಳುತ್ತಾನೆ, ‘ಬರ್ರಿ’ ‘ಕುಂಡ್ರಿ’ ಎಂದು ಕೋಳಿಗೂ ಗೌರವ ಕೊಡುತ್ತಾನೆ. ಮಹದೇವನಿಗೆ ನಮ್ಮ ಸೀಮೆಯಲ್ಲೇ ಕೆಲಸ ಸಿಕ್ಕಿದೆ. ಸುದ್ದಿ ಕೇಳಿ ಮಾಬೂಬಮ್ಮ, “ನಾ ಕೊಂಡ ಕೂಸು ಅದು, ಒಯ್ಯಾಕ ನಿನಗ ಯಾರು ಹೇಳ್ಯಾರ?” ಎಂದು ಗದರಿಸಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹೋದ ಭಾನುವಾರ ನನ್ನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗು ಎಂದು ಮಹದೇವನನ್ನು ಕೇಳಿದೆ. ಇಲ್ಲಿಯವರೆಗೆ ನಾನು ಹೋಗಿರಲಿಲ್ಲ. ಅವನು ಒಂದು ಜಾಲಿಯ ಪೊದೆಯ ಬಳಿ ನಿಂತು, ಇಲ್ಲೇ ಎಂದ. ನೆಲ ಸಪಾಟಾಗಿತ್ತು, ಹುಲ್ಲು ಒಣಗಿತ್ತು, ಅಷ್ಟೇ.

“ಕರಿ” ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಬಾಯಿ ತುಂಬ ಕರೆದ, ದೂರ ಹೋದ ಮಗನನ್ನು ಊಟಕ್ಕೆ ಕರೆಯುವ ಹಾಗೆ.

ನನ್ನ ಸೊಂಟದ ಮೇಲಿದ್ದ ಫಕೀರಪ್ಪ, ಅಪ್ಪ ತನ್ನನ್ನೇ ಕರೆದನೆಂದು, “ಆಂ!” ಎಂದು ಓಗೊಟ್ಟ.

ನಿನ್ನನ್ನಲ್ಲ ಕಂದಾ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಬರುವ ತಿಂಗಳು ಊರಿಗೆ ಬರುತ್ತಿದ್ದೇವೆ. ಇಬ್ಬರು ಹೋದವರು ಮೂವರಾಗಿ ಬಂದರು ಎಂದು ನೀವು ಆರತಿ ಎತ್ತುತ್ತೀರಿ. ಎತ್ತಿ. ನನ್ನ ಮಗನನ್ನು ಫಕೀರಪ್ಪ ಎಂದೇ ಕರೆಯಿರಿ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ, ಇಬ್ಬರು, ದೊಡ್ಡವನು ಕುಕನೂರಿನಲ್ಲೇ ಇದ್ದಾನೆ ಎಂದು ಹೇಳುತ್ತೇನೆ.