ವಸಂತಿಯ ಇಪ್ಪತ್ತು ಸೆಕೆಂಡು

ಹೋಟೆಲಿನಲ್ಲಿ ದುಡಿದವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಎದುರಿಗೆ ಯಾರಾದರೂ ಸುಮ್ಮನೆ ನಿಂತಿದ್ದರೆ ಅವರಿಗೆ ತಡೆಯುವುದಿಲ್ಲ. ಕೈಗೊಂದು ಬಟ್ಟೆ ಕೊಟ್ಟು ಟೇಬಲ್ ಒರೆಸುವಂತೆ ಹೇಳುತ್ತಾರೆ. ಒರೆಸಿ ಆಗಿದ್ದರೆ ಮತ್ತೊಮ್ಮೆ ಒರೆಸಬೇಕು. ದೆಹಲಿಯ ಸರೋಜಿನಿ ನಗರದ ಮಾರ್ಕೆಟ್ಟಿನ ಹಿಂದೆ ಹೋಟೆಲು ನಡೆಸುವ ವಸಂತಿಗೆ ಈ ರೋಗ ಜೋರಾಗಿಯೇ ಇತ್ತು. ವ್ಯಾಯಾಮದ ಕೋಚ್ ಆಗುವ ಪರೀಕ್ಷೆಯಲ್ಲಿ ಅವರನ್ನು ಕೆಡವಿದ್ದೂ ಅದೇ.

ಜಂತರ್ ಮಂತರ್‌ನಲ್ಲಿ ಧರಣಿ ಕೂರುತ್ತಿದ್ದ ಕಾಲದಿಂದ ನನಗೆ ಆ ಹೋಟೆಲು ಗೊತ್ತು. ಕೂಗಿ ಕೂಗಿ ಗಂಟಲು ಕಟ್ಟಿದವರಿಗೆ ವಸಂತಿ ಬಿಸಿ ಸಾರು ಕಳಿಸುತ್ತಿದ್ದರು, ಜೊತೆಗೆ 'ಕುಡಿದ ಲೋಟ ವಾಪಸ್ ಬರಲಿ' ಎಂಬ ಆಜ್ಞೆಯನ್ನೂ. ಗಂಡ ಹೆಂಡತಿ ಇಬ್ಬರೂ ಉಡುಪಿ ಕಡೆಯವರು. ಜಯಾನಂದ ದೋಸೆ ಕಾವಲಿಯ ಮುಂದೆ, ವಸಂತಿ ಉಳಿದೆಲ್ಲದರ ಮುಂದೆ.

ನಲವತ್ತು ದಾಟಿದ ಮೇಲೆ ವಸಂತಿಗೆ ಸಕ್ಕರೆ ಕಾಯಿಲೆ ಶುರುವಾಯಿತು. ದಿನಾ ನಡೆಯಿರಿ ಎಂದರು ಡಾಕ್ಟರು. ಇಡ್ಲಿ ಬೇಯುವ ಹೊತ್ತಿನಲ್ಲಿ ಯಾರು ನಡೆಯಲು ಹೋಗುತ್ತಾರೆ? ಆಗ ಮಗಳು ಶ್ರಾವ್ಯಾ ಫೋನಿನಲ್ಲಿ 'ಹಿಟ್' ಎನ್ನುವ ವ್ಯಾಯಾಮ ತೋರಿಸಿದಳು. ನಲವತ್ತು ಸೆಕೆಂಡು ಎದೆ ಒಡೆದುಹೋಗುವಂತೆ ಕುಣಿಯಬೇಕು, ಇಪ್ಪತ್ತು ಸೆಕೆಂಡು ಬಿಡುವು, ಮತ್ತೆ ಕುಣಿತ. ಕಾಲು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಹೋಟೆಲಿನವರಿಗೆ ಹೇಳಿ ಮಾಡಿಸಿದ ಹಾಗಿತ್ತು. ವಸಂತಿ ಹಿಡಿದರು, ಬಿಡಲಿಲ್ಲ. ಸಕ್ಕರೆ ಇಳಿಯಿತು. ಕಾಲೊನಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು, ಪಾರ್ಕಿನಲ್ಲಿ ಒಂದು ಗುಂಪೇ ಆಯಿತು.

ದೆಹಲಿಯ ಹೊಗೆ ಯಾರನ್ನೂ ಬಿಡುವುದಿಲ್ಲ. ಚಳಿ ಬಿದ್ದರೆ ಪಾರ್ಕಿನಲ್ಲಿ ಉಸಿರು ಎಳೆಯುವುದೇ ಕಷ್ಟ, ಇನ್ನು ಕುಣಿಯುವುದೆಲ್ಲಿ. ವಸಂತಿ ಕಾಲೊನಿಯ ಹಾಲ್ ಕೇಳಲು ಹೋದರು. ಸರ್ಟಿಫಿಕೇಟ್ ಇರುವ ಕೋಚ್‌ಗೆ ಮಾತ್ರ ಹಾಲ್ ಎಂದಿತು ಕಮಿಟಿ. ದೀಪಾವಳಿಯೊಳಗೆ ತಂದರೆ ಬೆಳಗಿನ ಬ್ಯಾಚ್ ನಿಮ್ಮದು, ಇಲ್ಲವಾದರೆ ಹೊರಗಿನಿಂದ ಯಾರನ್ನಾದರೂ ಕರೆಸುತ್ತೇವೆ ಎಂದರು. ತಾನು ಕಟ್ಟಿದ ಗುಂಪನ್ನು ಇನ್ಯಾರದೋ ಕೈಗೆ ಕೊಡುವುದೇ? ವಸಂತಿ ನೋಯ್ಡಾದಲ್ಲಿ ವಾರಕ್ಕೊಮ್ಮೆ ನಡೆಯುವ ಕೋರ್ಸಿಗೆ ಸೇರಿಬಿಟ್ಟರು.

ಓದಿನ ಪರೀಕ್ಷೆಯನ್ನು ಶ್ರಾವ್ಯಾ ದಾಟಿಸಿದಳು. ಹುಡುಗಿ ದೆಹಲಿಯಲ್ಲೇ ಹುಟ್ಟಿ ಬೆಳೆದವಳು.

"ಅಮ್ಮ, ಬಾಯಿಪಾಠ ಮಾಡಿ ರಟ್ಟಾ ಹೊಡೀಬೇಡ. ಹಾರ್ಟ್ ರೇಟ್ ಯಾಕೆ ಏರುತ್ತೆ, ಪೆಹಲೇ ಅದನ್ನ ಅರ್ಥ ಮಾಡ್ಕೋ."

"ನಿನ್ನಪ್ಪ ಕೆಲಸದವರನ್ನು ರಜೆ ಕೊಟ್ಟು ಕಳಿಸಿದ ದಿನ ಏರ್ತದೆ. ಮುಂದೆ ಹೇಳು."

ಆ ಪರೀಕ್ಷೆ ಪಾಸಾಯಿತು. ಪ್ರಾಕ್ಟಿಕಲ್‌ನಲ್ಲಿ ಬಿದ್ದರು. ತರಬೇತುದಾರ ಮನೋಜ್‌ನ ಎದುರಿಗೆ ಒಂದಷ್ಟು ಜನರನ್ನು ನಿಲ್ಲಿಸಿಕೊಂಡು ಪೂರ್ತಿ ಕ್ಲಾಸ್ ನಡೆಸಬೇಕಿತ್ತು. ಕುಣಿಸುವ ಭಾಗದಲ್ಲಿ ವಸಂತಿಗೆ ಎದುರೇ ಇರಲಿಲ್ಲ. ಬಿಡುವಿನ ಗಂಟೆ ಹೊಡೆದ ಕೂಡಲೇ ರೋಗ ಎದ್ದು ಕೂತಿತು. ಸುಮ್ಮನೆ ನಿಂತವರನ್ನು ಕಂಡು ಕೈ ಕಡಿಯತೊಡಗಿತು. ಬಾಟಲಿ ಬದಿಗಿಡಿ, ಮ್ಯಾಟ್ ನೇರ ಮಾಡಿ, ನಿಂತಲ್ಲೇ ಕಾಲಾಡಿಸಿ, ನೆಲದ ಬೆವರು ಒರೆಸಿ. ನಡುವಿನಲ್ಲೇ ಒಬ್ಬಾಕೆ ತಲೆ ತಿರುಗಿ ಕೂತಳು. ಮನೋಜ್ ಶಿಳ್ಳೆ ಊದಿ ಕ್ಲಾಸ್ ನಿಲ್ಲಿಸಿ ಹಿಂದಿಯಲ್ಲಿ ಗದರಿದ.

"ಮೇಡಂ, ಜನರ ರೆಸ್ಟನ್ನೆಲ್ಲ ನೀವೇ ತಿಂದುಬಿಟ್ರಿ. ರೆಸ್ಟ್ ಇಲ್ಲದಿದ್ದರೆ ಮುಂದಿನ ರೌಂಡಿಗೆ ದಮ್ ಎಲ್ಲಿಂದ ಬರತ್ತೆ? ಮುಂದಿನ ತಿಂಗಳು ಬನ್ನಿ."

ಮುಂದಿನ ತಿಂಗಳೆಂದರೆ ದೀಪಾವಳಿಗೆ ಮೊದಲಿನ ಕೊನೆಯ ಅವಕಾಶ.

ವಸಂತಿ ಉರಿಯುತ್ತ ಹೋಟೆಲಿಗೆ ಬಂದು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ನಾನು ಕಾಫಿ ಕುಡಿಯುತ್ತಿದ್ದೆ. ಭಾನುವಾರದ ಮಧ್ಯಾಹ್ನ, ಜನ ಬಾಗಿಲಾಚೆಗೂ ನಿಂತಿದ್ದರು. ಸರ್ವರ್ ತಿಲಕ್ ಮಸಾಲೆ ದೋಸೆಗೆ ಕೂಗುತ್ತಿದ್ದ. ಜಯಾನಂದ ಮಾತ್ರ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಬಳಿದು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಎಂತ ನೋಡ್ತಾ ನಿಂತಿದ್ದೀರಿ? ಹಿಟ್ಟು ಹೊಯ್ಯಿರಿ."

"ಕಾವಲಿ ಕಾದು ಕೆಂಡ ಆಗಿದೆ ಮಾರಾಯ್ತಿ, ಸ್ವಲ್ಪ ಇಳೀಲಿ. ಈಗ ಹೊಯ್ದರೆ ಹಿಟ್ಟು ಹರಡುವುದಿಲ್ಲ, ಮುದ್ದೆ ಆಗ್ತದೆ. ನಿನ್ನ ಸ್ಟೂಡೆಂಟ್ ತಲೆ ತಿರುಗಿ ಮುದ್ದೆಯಾಗಿ ಕೂತಳಲ್ಲ, ಹಾಗೆ."

ತಿಲಕ್ ಕಿಸಕ್ಕನೆ ನಕ್ಕ. ವಸಂತಿ ಅವನ ಕೈಗೆ ಒಂದು ಬಟ್ಟೆ ಕೊಟ್ಟರು.

ಗಂಡನ ಮಾತು ಕೇಳಿ ವಸಂತಿ ಬದಲಾದರು ಎಂದು ಬರೆದರೆ ಅದು ಸುಳ್ಳು. ಕಾವಲಿಯ ವಿಷಯ ಅವರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದ ಮಾತ್ರಕ್ಕೆ ಬಾಯಿ ಸುಮ್ಮನಿರುತ್ತದೆಯೇ? ಬಿಡುವು ಎನ್ನುವುದು ಯಾವ ಯಜಮಾನನ ಬಾಯಿಂದಲೂ ತಾನಾಗಿ ಬಂದದ್ದಲ್ಲ. ವಾರದ ರಜೆಗೂ ಜನ ಬೀದಿಗಿಳಿದು ಕೂಗಬೇಕಾಯಿತು. ಇಲ್ಲಿ ಯಜಮಾನಿ ತನ್ನ ವಿರುದ್ಧ ತಾನೇ ಮುಷ್ಕರ ಹೂಡಬೇಕಿತ್ತು.

ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ಅಡುಗೆಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅಭ್ಯಾಸ ಶುರು ಮಾಡಿದರು. ಕುಣಿತ ಸರಿ, ಬಿಡುವು ಬಂದ ಕೂಡಲೇ "ತಿಲಕ್, ಆ ಬಕೆಟ್..." ಎಂದು ಮಾತು ಹೊರಬೀಳುತ್ತಿತ್ತು. ಶ್ರಾವ್ಯಾಗೆ ಸಾಕಾಯಿತು.

"ಅಮ್ಮ, ಒಂದು ಕೆಲಸ ಮಾಡು. ಗಂಟೆ ಹೊಡೆದ ತಕ್ಷಣ ಬಾಯಿ ತುಂಬ ನೀರು ಹಾಕ್ಕೋ. ನುಂಗಬೇಡ. ಮತ್ತೆ ಗಂಟೆ ಆದ್ಮೇಲೆ ನುಂಗು."

"ಕೋಚ್ ಅಂದ್ರೆ ಮರ್ಯಾದೆ ಇರ್ಬೇಕು. ಮಂಗನ ಹಾಗೆ ಕೆನ್ನೆ ಊದಿಸ್ಕೊಂಡು ನಿಲ್ಲುವುದಾ?"

"ಫೇಲ್ ಆದ್ರೆ ಮರ್ಯಾದೆ ಇರತ್ತಾ?"

ವಸಂತಿ ಬಾಟಲಿ ತೆಗೆದರು. ಮೊದಲ ದಿನ ಎರಡು ಸಲ ನೀರು ಉಗಿದು ಆಜ್ಞೆ ಕೊಟ್ಟರು. ಕ್ರಮೇಣ ಕೆನ್ನೆಗೆ ಅಭ್ಯಾಸವಾಯಿತು. ಬಾಯಿ ಮುಚ್ಚಿದ ಮೇಲೆ ಕಣ್ಣಿಗೆ ಕೆಲಸ ಸಿಕ್ಕಿತು. ಯಾರ ಎದೆ ಜೋರಾಗಿ ಏಳುತ್ತಿದೆ, ಯಾರ ಮಂಡಿ ನಡುಗುತ್ತಿದೆ, ಇವೆಲ್ಲ ಕಾಣತೊಡಗಿದವು. ತಿಲಕ್‌ನ ಬಲಗಾಲು ಕುಂಟುತ್ತದೆ ಎಂಬುದು ಅವರಿಗೆ ತಿಳಿದದ್ದೂ ಹಾಗೆಯೇ. ಮರುದಿನ ಅವನಿಗೆ ಹೊಸ ಚಪ್ಪಲಿ ಬಂತು.

ಎರಡನೇ ಸಲದ ಪರೀಕ್ಷೆಗೆ ಮೆಟ್ರೋದ ನೀಲಿ ಲೈನಿನಲ್ಲಿ ನಾನೂ ಜೊತೆಗೆ ಹೋಗಿದ್ದೆ. ಬಿಡುವಿನ ಗಂಟೆ ಹೊಡೆಯಿತು, ವಸಂತಿಯ ಕೆನ್ನೆ ಉಬ್ಬಿತು. ಸಾಲಿನಲ್ಲಿದ್ದ ಒಬ್ಬ ಕುಣಿಯುವುದಕ್ಕೆ ಮುಂದಾದಾಗ ಅಂಗೈ ತೋರಿಸಿ ತಡೆದರು. ಮೂಲೆಯಲ್ಲಿ ಒಬ್ಬಾಕೆ ಬಿಳುಚಿಕೊಂಡಿದ್ದನ್ನು ಕಂಡು, ಹತ್ತಿರ ಹೋಗಿ, ಮುಂದಿನ ರೌಂಡಿನಲ್ಲಿ ಹಾರಬೇಡ, ನಡೆದರೆ ಸಾಕು ಎಂದು ಎರಡು ಬೆರಳನ್ನು ನಡೆಸಿ ತೋರಿಸಿದರು. ಗಂಟೆ ಹೊಡೆಯಿತು, ನೀರು ಒಳಗಿಳಿಯಿತು, ದನಿ ಹೊರಬಂತು. ಗೋಡೆ ಅದುರುವ ದನಿ. ಅಂಥ ದನಿ ನಮ್ಮ ಮೆರವಣಿಗೆಗಳಲ್ಲಿ ಇದ್ದಿದ್ದರೆ ಮೈಕಿನ ಬಾಡಿಗೆ ಉಳಿಯುತ್ತಿತ್ತು.

ಮುಗಿದ ಮೇಲೆ ಮನೋಜ್ ಕೇಳಿದ, "ನೀರು ಯಾಕೆ ಹಿಡ್ಕೊಂಡಿದ್ರಿ, ಮೇಡಂ?"

"ಬಾಯಿಗೆ ಬೀಗ, ಭಯ್ಯಾ."

"ಅಚ್ಛಾ. ಬೀಗ ಕಳ್ಕೋಬೇಡಿ. ಪಾಸ್."

ಈಗ ಹಾಲಿನಲ್ಲಿ ಬೆಳಗಿನ ಬ್ಯಾಚ್ ವಸಂತಿಯದೇ. ಬಿಡುವಿನಲ್ಲಿ ಹೆಂಗಸರು ಸೊಸೆಯಂದಿರ ಸುದ್ದಿ ಮಾತಾಡಿಕೊಳ್ಳುತ್ತಾರೆ. ಕೋಚ್ ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲವೆಂದು ಅವರಿಗೆಲ್ಲ ಗೊತ್ತು.

ಮೊನ್ನೆ ಹೋಟೆಲಿನಲ್ಲಿ ಊಟದ ಹೊತ್ತು ಮುಗಿದಿತ್ತು. ತಿಲಕ್ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ, ಎದುರಿಗೇ ಒರೆಸದ ಟೇಬಲ್. ಒಳಗೆ ಬಂದ ವಸಂತಿ ಬಾಯಿ ತೆರೆದರು. ಆಮೇಲೆ ಕೌಂಟರಿನ ಮೇಲಿದ್ದ ಬಾಟಲಿ ಎತ್ತಿ ಬಾಯಿ ತುಂಬಿಸಿಕೊಂಡು ಕುರ್ಚಿಯಲ್ಲಿ ಕೂತರು.

ಜಯಾನಂದ ಕಾವಲಿ ಬಳಿಯುತ್ತ ನನ್ನತ್ತ ತಿರುಗಿದರು. "ಮದುವೆಯಾದ ವರ್ಷವೇ ಈ ಕೋರ್ಸ್ ಇದ್ದಿದ್ದರೆ, ಮಾರಾಯ್ರೆ."

ವಸಂತಿಯ ಕೆನ್ನೆ ಇನ್ನೂ ಉಬ್ಬಿತ್ತು. ಬಟ್ಟೆಯೊಂದನ್ನು ಎತ್ತಿ ಗಂಡನ ಕಡೆ ಎಸೆದರು.