ಪರದೆಯ ಹಿಂದಿನ ಮಸಾಲೆ ದೋಸೆ

ನಮ್ಮ ಮನೆಯವರ ನಾಲಿಗೆ ಬಹಳ ಸೂಕ್ಷ್ಮ ಎಂಬುದು ಸಾಲುಮನೆಗಳ ಇಡೀ ಚಾಳಿಗೆ ಗೊತ್ತಿತ್ತು. ಗೊತ್ತಾಗುವ ಹಾಗೆ ಅವರೇ ನೋಡಿಕೊಂಡಿದ್ದರು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬರುವ ಬಿದಿರಿನ ಲಾರಿಗಳನ್ನು ನೋಡಿಕೊಳ್ಳುವುದು ಅವರ ನೌಕರಿ. ಆದರೆ ಅವರ ನಿಜವಾದ ಕೆಲಸ ರವಿವಾರ ಶುರುವಾಗುತ್ತಿತ್ತು. ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುರುತಿನವರ ಖಾಲಿ ಲಾರಿ ಹತ್ತಿ, ಹೋಟೆಲುಗಳ ಪರೀಕ್ಷೆಗೆ ಹೊರಡುತ್ತಿದ್ದರು. ಇಳಿಹೊತ್ತಿಗೆ ಬಂದು, ಅಂಗಿಯನ್ನು ಗೂಟಕ್ಕೆ ಹಾಕಿ, ಗೋಡೆಗೆ ಒರಗಿ ಕುಳಿತು ತೀರ್ಪು ಹೇಳುತ್ತಿದ್ದರು. ಕೇಳುವವಳು ನಾನೊಬ್ಬಳೇ.

ಹಳಿಯಾಳದ ಖಾನಾವಳಿಯ ಮುದುಕಿಗೆ ಇವರು ಮುಖದ ಮೇಲೆ ಹೇಳಿ ಬಂದಿದ್ದರಂತೆ: "ಅಜ್ಜಿ, ನಿನ್ನ ರೊಟ್ಟಿಲೆ ಚಪ್ಪಲಿಗೆ ಅಟ್ಟಿ ಹೊಡಸಬಹುದು ನೋಡ." ಮುಂಡಗೋಡದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಭಜಿಯ ತಾಟನ್ನು ದುಡ್ಡು ಎಣಿಸುವ ಗಲ್ಲೆಯ ತನಕ ಒಯ್ದು, ಮಾಲಕನ ಮೂಗಿನ ಕೆಳಗೆ ಹಿಡಿದು, ಎಣ್ಣೆಯ ವಾಸನೆ ನೋಡಿಸಿದ್ದರಂತೆ. ಮುಂಡಗೋಡ ನನ್ನ ತವರಿನ ತಾಲೂಕು, ನಾನು ಚಿಗಳ್ಳಿಯವಳು. ಆದ್ದರಿಂದ ಅಲ್ಲಿಯ ಭಜಿಯ ತಪ್ಪು ಅರ್ಧ ನನ್ನ ತಲೆಗೂ ಬರುತ್ತಿತ್ತು. ಜೋಯಿಡಾದಿಂದ ಅನಮೋಡಕ್ಕೆ ಹೋಗುವ ದಾರಿಯ ಚಹಾದಂಗಡಿಯವನಿಗಂತೂ ಮರಾಠಿಯಲ್ಲೇ ನೀರಿಳಿಸಿದ್ದರಂತೆ. ಇವರಿಗೆ ಮರಾಠಿಯಲ್ಲಿ ಏನಾಯಿತು ಎಂದು ಕೇಳುವ "ಕಾಯ ಝಾಲ" ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅಷ್ಟರಲ್ಲೇ ನೀರಿಳಿಸುವುದು ಹೇಗೆ ಎಂದು ನಾನು ಆಗ ಯೋಚಿಸಲಿಲ್ಲ. ಮದುವೆಯಾಗಿ ಬಹಳ ದಿನ ಆಗಿರಲಿಲ್ಲ, ಗಂಡನ ಮಾತನ್ನು ನಂಬುವ ವಯಸ್ಸು.

ನಂಬುವುದಷ್ಟೇ ಅಲ್ಲ, ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ನಾಲ್ಕು ಊರಿನ ಹೋಟೆಲಿನವರು ಇವರನ್ನು ಕಂಡರೆ ನಡುಗುತ್ತಾರೆ ಎಂದು ನಲ್ಲಿಯ ಹತ್ತಿರ ಬೇರೆ ಹೆಂಗಸರಿಗೆ ಹೇಳುತ್ತಿದ್ದೆ. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಒಬ್ಬ ಮೆಕ್ಯಾನಿಕನ ಹೆಂಡತಿ ಇದ್ದಳು, ಮುಸಲ್ಮಾನರವಳು, ನನಗಿಂತ ಸ್ವಲ್ಪ ದೊಡ್ಡವಳು. ಇವರ ರವಿವಾರದ ಗದ್ದಲವೆಲ್ಲ ಅವಳಿಗೆ ಗೋಡೆಯಾಚೆಗೆ ಕೇಳುತ್ತಿತ್ತು. ಸೋಮವಾರ ನೀರಿಗೆ ಬಂದಾಗ ಕೊಡ ಕೆಳಗಿಟ್ಟು ಕೇಳುತ್ತಿದ್ದಳು: "ಏನ ಬೆಹನ್, ನಿನ್ನೆ ಕೋರ್ಟಿನಾಗ ಯಾರಿಗೆ ಫಾಂಸಿ ಶಿಕ್ಷಾ ಆತು?"

ಈ ಎಲ್ಲ ಹೋಟೆಲುಗಳಲ್ಲಿ ಇವರು ಸ್ವಲ್ಪ ದಯೆ ತೋರಿಸುತ್ತಿದ್ದುದು ದಾಂಡೇಲಿಯದೇ ಒಂದಕ್ಕೆ. ಉಡುಪಿಯ ಕಡೆಯವರು ನಡೆಸುತ್ತಿದ್ದ ಹೋಟೆಲು ಅದು. ಅಲ್ಲಿಯ ಸಾಂಬಾರು ಮೊದಲು ಬರೀ ನೀರಾಗಿತ್ತಂತೆ. ಇವರು ಮಾಲಕನನ್ನು ಮುಂದೆ ಕೂಡಿಸಿಕೊಂಡು, ಬುದ್ಧಿ ಹೇಳಿ, ದಾರಿಗೆ ತಂದಿದ್ದರಂತೆ. ಹಾಗಾಗಿ ಆ ಸಾಂಬಾರು ಒಂದು ಲೆಕ್ಕದಲ್ಲಿ ಇವರದೇ ಸಾಂಬಾರು. ಅದನ್ನು ನಾನು ಮನೆಯಲ್ಲಿ ಮಾಡಬೇಕು ಎಂಬುದು ಇವರ ಹಟ.

ನನಗೆ ಗೊತ್ತಿದ್ದುದು ಬೇಳೆಯ ಸಾರು. ಸಾಂಬಾರನ್ನು ನಾನು ಕಣ್ಣಿಂದ ಕಂಡವಳಲ್ಲ. ಹೋಟೆಲಿನ ಹೊಸ್ತಿಲನ್ನೂ ತುಳಿದವಳಲ್ಲ. ಮನೆಯಲ್ಲಿ ಬೇಯಿಸಿ ಹಾಕುವವರು ಇಲ್ಲದವರಷ್ಟೇ ಹೋಟೆಲಿನಲ್ಲಿ ಉಣ್ಣುತ್ತಾರೆ ಎಂದು ನಮ್ಮವ್ವ ತಿಳಿದಿದ್ದಳು, ಹೆಂಗಸರು ಅಲ್ಲಿಗೆ ಹೋಗುವ ಮಾತಂತೂ ದೂರವೇ ಉಳಿಯಿತು.

"ಹೆಂಗಿರತೈತ್ರಿ ಅದು?" ಎಂದು ಇವರನ್ನೇ ಕೇಳಿದೆ.

"ಬಣ್ಣ ಗ್ವಾಡಿ ಇಟ್ಟಂಗಿ ಇದ್ದಂಗ. ಅಗದೀ ಇಟ್ಟಂಗಿ ಅಲ್ಲ."

"ರುಚಿ?"

"ಬಾಯಾಗ ಹಾಕ್ಕೊಂಡ ಕೂಡಲೇ ಏನೂ ಅನಸೂದಿಲ್ಲ. ಆಮ್ಯಾಲ ಏನೋ ಒಂದು ಆಗತೈತಿ."

"ಏನಾಗತೈತ್ರಿ?"

"ಅದು ಹೇಳಾಕ ಬರೂದಿಲ್ಲ. ತಿಂದವರಿಗೇ ಗೊತ್ತು."

ಇಷ್ಟು ಕೇಳಿಕೊಂಡು ನಾನು ರವಿವಾರ ರವಿವಾರ ಸಾಂಬಾರು ಮಾಡಿದೆ. ಒಮ್ಮೆ ಕೊತ್ತಂಬರಿ ಬೀಜ ಹೆಚ್ಚು ಹಾಕಿದೆ, ಒಮ್ಮೆ ಕೊಬ್ಬರಿ ಹುರಿದು ಹಾಕಿದೆ, ಒಮ್ಮೆ ಏನೋ ಒಂದು ಆಗಲಿ ಎಂದು ಮೆಂತ್ಯ ಹಾಕಿದೆ. ಇವರು ಎರಡು ಬೆರಳಿನ ನಡುವೆ ಅದನ್ನು ಹಿಡಿದು ಉಜ್ಜಿ ನೋಡಿ, ಮೂಗು ಮುರಿದು, "ಕೈ ತೊಳೆದ ನೀರು" ಎಂದು ತೀರ್ಪು ಕೊಡುತ್ತಿದ್ದರು. ಕೈ ತೊಳೆದ ನೀರನ್ನು ಮೂರು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು ಎಂಬುದು ಬೇರೆ ಮಾತು. ಇವರ ಊಟ ಮುಗಿದು, ಪಾತ್ರೆ ಬಳಿದು ನಾನು ಕೂಡುವ ಹೊತ್ತಿಗೆ ಒಲೆಯೂ ತಣ್ಣಗೆ, ಸಾಂಬಾರೂ ತಣ್ಣಗೆ. ತವರಿನಲ್ಲೂ ಹಾಗೆಯೇ ಇತ್ತು. ಅಪ್ಪ, ಅಣ್ಣಂದಿರು, ಬಂದವರು ಹೋದವರು ಎಲ್ಲರದೂ ಆಗಬೇಕು, ಆಮೇಲೆ ನಾವು. ಬಿಸಿ ಊಟ ಎಂದರೆ ಬೇರೆಯವರಿಗೆ ಬಡಿಸುವುದು ಎಂದೇ ನಾನು ತಿಳಿದಿದ್ದೆ.

ಆದರೆ ಇವರ ಮಾತು ಕೇಳಿ ಕೇಳಿ ನನಗೊಂದು ಆಸೆ ಹುಟ್ಟಿತ್ತು. ಹೋಟೆಲಿನಲ್ಲಿ ಮಸಾಲೆ ದೋಸೆ ಕಾವಲಿಯಿಂದ ನೇರವಾಗಿ ತಾಟಿಗೆ ಬರುತ್ತದಂತೆ, ಬೆರಳು ಸುಡುತ್ತದಂತೆ. ಬೇರೆ ಯಾರೋ ಮಾಡಿದ್ದು, ಬೇರೆ ಯಾರೋ ತಂದಿಟ್ಟಿದ್ದು, ಬೆರಳು ಸುಡುವ ಹಾಗಿರುವುದು. ಒಂದೇ ಒಂದು ಸಲ ಅಂಥದ್ದು ತಿನ್ನಬೇಕು ಎಂದು ನನ್ನ ಜೀವ ಹಪಹಪಿಸುತ್ತಿತ್ತು. ಬಂಗಾರ ಕೇಳುವುದು ಸುಲಭವಿತ್ತು. ಇದನ್ನು ಕೇಳುವುದಕ್ಕೆ ನಾಚಿಕೆ ಆಗುತ್ತಿತ್ತು.

ಕಡೆಗೂ ಒಂದು ರವಿವಾರ, ಮತ್ತೆ ಕೈ ತೊಳೆದ ನೀರು ಎಂದಾಗ, ಸಿಟ್ಟಿನಲ್ಲಿ ಕೇಳಿಯೇಬಿಟ್ಟೆ: "ತಿಂದು ನೋಡದ ಹೆಂಗ ಮಾಡ್ಲಿರಿ? ಒಮ್ಮೆ ನನ್ನೂ ಕರಕೊಂಡು ಹೋಗ್ರಿ."

ಇವರು ಕೈಯಲ್ಲಿದ್ದ ತುತ್ತು ಬಿಟ್ಟು ನೋಡಿದರು. "ಹೋಟೆಲಿಗೆ? ನೀನು? ಮಂದಿ ಏನಂದಾರು? ಅಲ್ಲಿ ಬರೇ ಲಾರಿ ಡ್ರೈವರ್‌ಗೋಳು ಇರತಾರ."

ಇವರು ಯಾವ ಲಾರಿ ಹತ್ತಿ ಊರೂರು ತಿರುಗುತ್ತಿದ್ದರೋ ಆ ಡ್ರೈವರುಗಳೇ ಅವರು.

ಅಷ್ಟರಲ್ಲಿ ಪಕ್ಕದ ಮನೆಯವಳು ಸುದ್ದಿ ತಂದಳು. "ನಮ್ಮವರು ನೋಡಿ ಬಂದಾರ. ಉಡುಪಿಯವರ ಹೋಟೆಲಿನಾಗ ಹೆಂಗಸರಿಗಂತ ಬ್ಯಾರೇ ಖೋಲಿ ಮಾಡ್ಯಾರಂತ. ಪರದಾ ಹಾಕ್ಯಾರಂತ. ಬೋರ್ಡೂ ಬರಸ್ಯಾರಂತ." ಬೋರ್ಡಿನ ಮೇಲೆ ಫ್ಯಾಮಿಲಿ ರೂಮ್ ಎಂದು ಬರೆದಿತ್ತು. ಇವರಿಗೆ ಇನ್ನು ನೆವ ಹೇಳಲು ಜಾಗ ಉಳಿಯಲಿಲ್ಲ.

ಇಳಕಲ್ ಸೀರೆ ಉಟ್ಟು ಹೊರಟೆ. ಇವರು ಮುಂದೆ, ನಾನು ಹಿಂದೆ, ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟು ಜಾಗ. ನಾವು ಒಳಗೆ ಕಾಲಿಟ್ಟ ಕೂಡಲೇ ತುಂಬಿದ್ದ ಹೋಟೆಲಿನವರೆಲ್ಲ ತಿರುಗಿ ನೋಡಿದರು. ತುತ್ತು ಬಾಯಿಗೆ ಹೋಗುತ್ತಿದ್ದವರ ಕೈ ಅಲ್ಲೇ ನಿಂತಿತು. ನಾಲ್ಕು ಊರು ನಡುಗಿಸಿದ ನಮ್ಮ ಮನೆಯವರು ತಲೆ ತಗ್ಗಿಸಿ, ಬೆಕ್ಕು ಹೋದ ಹಾಗೆ ಸದ್ದಿಲ್ಲದೆ ಮೇಜುಗಳ ನಡುವೆ ಹಾದು, ಪರದೆ ಸರಿಸಿ ಒಳಗೆ ನುಸುಳಿದರು. ನಾನೂ ನುಸುಳಿದೆ.

ಫ್ಯಾಮಿಲಿ ರೂಮ್ ಎಂದರೆ ಮೊದಲು ತೆಂಗಿನಕಾಯಿ ತುಂಬಿಡುತ್ತಿದ್ದ ಕೋಣೆ. ಮೂಲೆಯಲ್ಲಿ ನಾಲ್ಕು ಕಾಯಿ ಇನ್ನೂ ಉಳಿದಿದ್ದವು. ಒಂದು ಮೇಜು, ಎರಡು ಕುರ್ಚಿ, ಒಂದು ಕುರ್ಚಿಯ ಕಾಲು ಗಿಡ್ಡ. ಕಿಟಕಿ ಇಲ್ಲ. ಫ್ಯಾಮಿಲಿಗಳು ಉಸಿರಾಡುವುದಿಲ್ಲ ಎಂದು ಮಾಲಕರು ತಿಳಿದಿರಬೇಕು. ಗಿಡ್ಡ ಕಾಲಿನ ಕುರ್ಚಿ ನನಗೆ ಬಂತು.

ಸ್ವಲ್ಪ ಹೊತ್ತಿಗೆ ಪರದೆಯ ಆಚೆ ಯಾರೋ ಕೆಮ್ಮಿದರು. ಅದು ಸಪ್ಲಾಯರ್ ಬಂದ ಗುರುತು. ಒಳಗೆ ಹೆಂಗಸು ಇದ್ದಾಳೆ ಎಂದು ಆ ನಡುವಯಸ್ಸಿನ ಗಂಡಸು ಪರದೆ ಮುಟ್ಟುತ್ತಿರಲಿಲ್ಲ. ಇವರು ಪರದೆಗೆ ಬಾಯಿ ಹತ್ತಿಸಿ, ಗುಟ್ಟು ಹೇಳುವವರ ಹಾಗೆ, "ಎರಡು ಮಸಾಲೆ" ಎಂದರು. ಮನೆಯಲ್ಲಿ ಉಪ್ಪಿನಕಾಯಿ ಬೇಕಾದರೆ ಚಾಳಿನ ಕೊನೆಯ ಮನೆಗೆ ಕೇಳುವ ಹಾಗೆ ಕೂಗುವ ಗಂಟಲು ಅದು.

ಕಾದೆವು. ಆಚೆ ಕಾವಲಿಯ ಮೇಲೆ ಹಿಟ್ಟು ಚುಂಯ್ ಎನ್ನುವುದು ಕೇಳುತ್ತಿತ್ತು. ನಮ್ಮ ನಂತರ ಬಂದವರು ದೋಸೆ ತಿಂದು, ಚಹಾ ಕುಡಿದು, ಬಾಯಿ ಮುಕ್ಕಳಿಸುವುದೂ ಕೇಳಿಸಿತು. ಆಮೇಲೆ ಮತ್ತೆ ಕೆಮ್ಮು. ಒಳಗಿನವರು ಎಲ್ಲಿ ಅಪಾರ್ಥ ಮಾಡಿಕೊಂಡಾರೋ ಎಂದು ಸಪ್ಲಾಯರ್ ತಾಟು ಹಿಡಿದು ನಿಂತೇ ಇದ್ದ. ಇವರು ಮರ್ಯಾದೆಯಿಂದ ಕೂತೇ ಇದ್ದರು. ಕೊನೆಗೆ ಪರದೆಯ ಬುಡದಿಂದ ಎರಡು ತಾಟು ಒಳಗೆ ಬಂದವು.

ದೋಸೆ ಮುಟ್ಟಿದೆ. ತಣ್ಣಗಿತ್ತು. ಮಡಿಚಿದ ಗೋಣಿಯ ಹಾಗೆ ಬಗ್ಗಿ ಬಿದ್ದಿತ್ತು. ಸಾಂಬಾರಿನ ಮೇಲೆ ಕೆನೆ ಕಟ್ಟಿತ್ತು. ಇಷ್ಟು ದಿನ ಆಸೆಪಟ್ಟಿದ್ದು ಇದಕ್ಕೇನು ಎನಿಸಿತು. ಆದರೂ ಧೈರ್ಯವಿತ್ತು, ಎದುರಿಗೆ ಕೂತವರು ಸಾಮಾನ್ಯರಲ್ಲವಲ್ಲ. ಈಗ ತಾಟು ಎತ್ತಿಕೊಂಡು ಗಲ್ಲೆಗೆ ಹೋಗುತ್ತಾರೆ, ಮಾಲಕನ ಮೂಗಿನ ಕೆಳಗೆ ಹಿಡಿಯುತ್ತಾರೆ ಎಂದು ಕಾದೆ. ಇವರು ದೋಸೆ ಮುರಿದು ಬಾಯಿಗೆ ಹಾಕಿಕೊಂಡರು.

"ತಣ್ಣಗ ಐತ್ರಿ," ಎಂದೆ.

"ಸುಮ್ಮ ತಿನ್ನು."

ಆಗಲೇ ಆಚೆ ಮತ್ತೊಂದು ಕೆಮ್ಮು, ಇದು ಗಟ್ಟಿ ಗಂಟಲಿನದು. ಮಾಲಕರೇ ಬಂದಿದ್ದರು. "ಹೇಗುಂಟು ದೋಸೆ?"

ನಮ್ಮ ಮನೆಯವರು ಎದ್ದು ನಿಂತರು. ಆಚೆಯವರು ಕಾಣದಿದ್ದರೂ ಪರದೆಯ ಮುಂದೆ ಹಲ್ಲು ಗಿಂಜಿದರು. "ಭೇಷ್ ಆಗೇತ್ರಿ! ಭಾಳ ಛಲೋ ಆಗೇತಿ!"

ಮಾಲಕರು ಖುಷಿಯಲ್ಲಿ ನನ್ನನ್ನು ಉದ್ದೇಶಿಸಿ ಹೇಳಿದರು: "ನಿಮ್ಮ ಯಜಮಾನರು ದೇವರಂಥವರು ತಾಯಿ. ಹೋಟೆಲು ಹಾಕಿದಂದಿನಿಂದ ಬರುತ್ತಾರೆ, ಒಂದು ದಿನ ಒಂದು ಕೊರತೆ ಹೇಳಿದವರಲ್ಲ. ಸಾಂಬಾರು ಅಂದಿನಿಂದ ಇಂದಿನವರೆಗೆ ಹೀಗೆಯೇ ಉಂಟು. ಬೇರೆಯವರು ಬೈದರೂ ಇವರು ಬೈಯಲಿಲ್ಲ."

ನಾನು ಇವರ ಮುಖ ನೋಡಿದೆ. ಇವರು ಮೂಲೆಯ ತೆಂಗಿನಕಾಯಿ ನೋಡುತ್ತಿದ್ದರು. ಹಳಿಯಾಳದ ಮುದುಕಿಯ ಮುಂದೆ, ಮುಂಡಗೋಡದ ಗಲ್ಲೆಯ ಮುಂದೆ, ಅನಮೋಡದ ದಾರಿಯ ಚಹಾದಂಗಡಿಯಲ್ಲಿ ಇವರು ಏನು ಮಾತಾಡಿದ್ದರು ಎಂದು ನನಗೆ ಆಗ ಸ್ಪಷ್ಟವಾಗಿ ಕೇಳಿಸಿತು. ಭೇಷ್ ಆಗೇತಿ, ಭಾಳ ಛಲೋ ಆಗೇತಿ. ಇವರು ದನಿ ಎತ್ತಿದ್ದ ಹೋಟೆಲು ಇಡೀ ಸೀಮೆಯಲ್ಲಿ ಒಂದೇ ಒಂದು, ಅದು ನನ್ನ ಅಡುಗೆಮನೆ. ಬೇರೆಲ್ಲ ಕಡೆ ನುಂಗಿಕೊಂಡ ಸಿಟ್ಟನ್ನು ಗಂಟು ಕಟ್ಟಿ ತಂದು ನನ್ನ ಸಾಂಬಾರಿನಲ್ಲಿ ಬಿಚ್ಚುತ್ತಿದ್ದರು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

"ದ್ವಾಶಿ ತಣ್ಣಗ ಐತ್ರೀ!" ಎಂದೆ, ಪರದೆಗೆ ಕೇಳುವಷ್ಟಲ್ಲ, ಬೀದಿಗೆ ಕೇಳುವಷ್ಟು. "ಬಿಸೇದು ಕೊಡ್ರಿ."

ಆಚೆ ಮಾಲಕರು ತೊದಲಿದರು. "ತಣ್ಣಗಾಗಿದೆಯಾ? ಅದು, ಒಳಗೆ ಹೆಂಗಸರು ಇರ್ತಾರಲ್ಲ ತಾಯಿ, ಇವನು ಸಂಕೋಚದಲ್ಲಿ ಹೊರಗೆ ನಿಲ್ತಾನೆ..."

"ಪರದೆ ಇದ್ರ ತಾನ ನಿಲ್ಲೂದು," ಎಂದು ಎದ್ದು ಪರದೆಯನ್ನು ಕೊನೆಯ ತನಕ ಸರಿಸಿಬಿಟ್ಟೆ. ಗಂಡಸರ ಮುಖಗಳೆಲ್ಲ ನನ್ನ ಕಡೆಗಿದ್ದವು. ಅವುಗಳ ಆಚೆ ಕಾವಲಿ ಕಂಡಿತು, ಹೊಗೆ ಕಂಡಿತು. ನಾನು ಹೋಗಿ ಗಿಡ್ಡ ಕುರ್ಚಿಯಲ್ಲಿ ಕೂತೆ. ಇವರು ನನ್ನ ಸೀರೆಯ ಸೆರಗಿನ ಹಿಂದೆ ಅಡಗುವುದೊಂದು ಬಾಕಿ.

ಸಪ್ಲಾಯರ್ ಓಡೋಡುತ್ತಾ ಬಂದು ತಾಟು ಇಟ್ಟ. ಮುರಿದೆ. ಬೆರಳು ಸುಟ್ಟಿತು.

ದೋಸೆ ಅಂಥದ್ದೇನೂ ಇರಲಿಲ್ಲ. ಒಂದು ಕಡೆ ಸೀದಿತ್ತು, ಬಟಾಟೆಗೆ ಉಪ್ಪು ಸಾಲದು. ಸಾಂಬಾರಿನಲ್ಲಿ ಬೆಲ್ಲವಿತ್ತು! ಇಷ್ಟು ದಿನ ತೀರ್ಪು ಕೊಟ್ಟ ಆ ಸೂಕ್ಷ್ಮ ನಾಲಿಗೆಗೆ ಇಷ್ಟು ದೊಡ್ಡ ಬೆಲ್ಲದ ಹೆಂಟೆ ಪತ್ತೆಯಾಗಿರಲಿಲ್ಲ. ಏನೋ ಒಂದು ಆಗತೈತಿ ಎಂದದ್ದು ಇದೇ. ನಗು ಬಂತು. ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರೂ ಬಂತು. ಹುಟ್ಟಿದ ಮೇಲೆ ನನಗಾಗಿ ಒಬ್ಬರು ಬಿಸಿಯಾಗಿ ಮಾಡಿ, ತಂದು, ಮುಂದಿಟ್ಟದ್ದು ಅದೇ ಮೊದಲು.

"ಈಗ ಹೇಗುಂಟು ತಾಯಿ?" ಮಾಲಕರು ಹೆದರುತ್ತಲೇ ಕೇಳಿದರು.

"ಬಿಸಿ ಐತ್ರಿ," ಎಂದೆ.

ಮನೆಗೆ ಬರುವಾಗ ಇವರು ಇನ್ನಷ್ಟು ಮುಂದೆ ನಡೆದರು. ಬಾಗಿಲು ಹಾಕಿದ ಮೇಲೆ, "ನಾಲ್ಕು ಮಂದಿಯೊಳಗ ನನ್ನ ಮರ್ಯಾದಿ ತಗದಿ" ಎಂದು ಒಂದೇ ಮಾತು ಆಡಿ ಗೋಡೆಯ ಕಡೆ ತಿರುಗಿ ಮಲಗಿದರು.

ಮುಂದಿನ ರವಿವಾರ ಇವರು ಎಲ್ಲೂ ಹೋಗಲಿಲ್ಲ. ನಾನು ಬೆಲ್ಲ ಹಾಕಿ ಸಾಂಬಾರು ಮಾಡಿದೆ, ಕಾವಲಿ ಇಟ್ಟು ದೋಸೆ ಹಾಕಿದೆ. ಇವರು ತಿನ್ನತೊಡಗಿದರು. ಉಜ್ಜಿ ನೋಡಲಿಲ್ಲ, ಮೂಗು ಮುರಿಯಲಿಲ್ಲ. ಗೋಡೆಯಾಚೆಯಿಂದ ಪಕ್ಕದವಳು ಕೂಗಿದಳು: "ಏನ ಬೆಹನ್, ಇವತ್ತ ಕೋರ್ಟಿಗೆ ಸೂಟಿ ಏನು?"

ನಾನು ಸೌಟು ಹಿಡಿದು ಇವರ ಮುಂದೆ ನಿಂತು ಕೇಳಿದೆ: "ಹೆಂಗ ಆಗೇತ್ರಿ ಸಾಂಬಾರು?"

ಇವರು ತಲೆ ಎತ್ತಿ ನನ್ನನ್ನೊಮ್ಮೆ, ಸೌಟನ್ನೊಮ್ಮೆ ನೋಡಿದರು. ಹಲ್ಲು ಗಿಂಜಿದರು.

"ಭೇಷ್ ಆಗೇತಿ. ಭಾಳ ಛಲೋ ಆಗೇತಿ."

ಆ ಸಾಂಬಾರಿಗೆ ನಾನು ಬೇಕಂತಲೇ ಒಂದು ಹರಳು ಉಪ್ಪೂ ಹಾಕಿರಲಿಲ್ಲ. ಇವರು ತಾಟು ಮುಂದೆ ಹಿಡಿದು ಇನ್ನೊಂದು ದೋಸೆಗೆ ಕಾಯುತ್ತಿದ್ದರು. ನಾನು ನನ್ನದೊಂದು ತಾಟು ತಂದು, ನನ್ನ ಬಟ್ಟಲಿನ ಸಾಂಬಾರಿಗೆ ಉಪ್ಪು ಬೆರೆಸಿ, ಕಾವಲಿಯ ಮೇಲಿದ್ದ ದೋಸೆಯನ್ನು ಎತ್ತಿ ನನ್ನ ತಾಟಿಗೆ ಹಾಕಿಕೊಂಡೆ. ಅಲ್ಲೇ ಒಲೆಯ ಮುಂದೆ ಕೂತು, ಬೆರಳು ಸುಡುತ್ತಿದ್ದಾಗಲೇ ತಿಂದೆ. ಇವರು ಕಾದರು.